ಅಸಲು ನೊಣವಿನಕೆರೆಯಲ್ಲಿ, ನಕಲು ಮಾಯಸಂದ್ರದಲ್ಲಿ

ನೊಣವಿನಕೆರೆಯ ಶಂಭುಲಿಂಗಯ್ಯನವರ ತೋಟದಲ್ಲಿ ನಾನೂರ ಹನ್ನೆರಡು ತೆಂಗಿನ ಮರಗಳಿದ್ದವು. ಪ್ರತಿಯೊಂದರ ಫೋಟೊವನ್ನೂ ಅವರು ತಿಂಗಳಿಗೊಮ್ಮೆ ತೆಗೆಯುತ್ತಿದ್ದರು. ಬುಡದ್ದೊಂದು, ನಡುವಿನದೊಂದು, ಸುಳಿಯದೊಂದು. ಶೋಕಿಗಲ್ಲ. ನುಸಿಪೀಡೆ ಬಂದ ವರ್ಷ ಅಧಿಕಾರಿಯೊಬ್ಬರು ತೋಟಕ್ಕೆ ಬಂದು, "ಮೊದಲು ಯಾವ ಮರಕ್ಕೆ ಬಂತು? ಯಾವಾಗ?" ಎಂದು ಕೇಳಿದ್ದರು. ಹುಟ್ಟಿದಾಗಿನಿಂದ ಅದೇ ತೋಟದಲ್ಲಿ ಓಡಾಡಿದ ಶಂಭುಲಿಂಗಯ್ಯ ಉತ್ತರ ಗೊತ್ತಿಲ್ಲದೆ ಟವೆಲಿನ ತುದಿ ತಿರುಚುತ್ತ ನಿಂತರು. ಆ ಅವಮಾನ ಅವರಿಗೆ ಅರಗಲೇ ಇಲ್ಲ. ಕ್ಯಾಮೆರಾ ಕೊಂಡರು, ಐವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತರು. ಆ ಅಧಿಕಾರಿ ಮತ್ತೆ ಬರಲಿಲ್ಲ, ಅದು ಬೇರೆ ಮಾತು.

ಫೋಟೊಗಳು ಹೆಚ್ಚಾದಾಗ, ತಿಪಟೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಅವರ ಸೋದರಳಿಯ ಜ್ಞಾನೇಶ್ ನಾಲ್ಕು ಹಾರ್ಡ್ ಡಿಸ್ಕ್‌ಗಳನ್ನು ಒಂದು ಪೆಟ್ಟಿಗೆಗೆ ಜೋಡಿಸಿಕೊಟ್ಟ. ನಾಲ್ಕೂ ಸೇರಿದರೆ ಮಾತ್ರ ಫೋಟೊ ಕಾಣುತ್ತಿತ್ತು. ಒಂದು ಕೈಕೊಟ್ಟರೂ ಉಳಿದ ಮೂರು ಬರೀ ಕಬ್ಬಿಣ.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಆ ಪೆಟ್ಟಿಗೆ ತನ್ನಷ್ಟಕ್ಕೇ ಆರಿ ಹೊತ್ತಿಕೊಳ್ಳಲು ಶುರುಮಾಡಿತು. ಜ್ಞಾನೇಶ್ ಬಂದು ಬಿಚ್ಚಿ ನೋಡಿದ.

"ಮಾವ, ಡಿಸ್ಕೆಲ್ಲ ಚೆನ್ನಾಗವೆ, ಪೆಟ್ಟಿಗೆ ಮುಗೀತು. ಹೊಸದು ಕಳಿಸ್ತೀನಿ, ನೀವೇ ಬದಲಾಯಿಸ್ಕಬೌದು. ಆದ್ರೆ ಮೊದ್ಲು ಎಲ್ಲದ್ದೂ ನಕಲು ತಗಳಿ. ಅಸಲು ನಕಲು ಒಂದೇ ಸೂರಿನ ಕೆಳಗೆ ಇರಬಾರದು ಕಣ್ರೀ. ಆಮೇಲೆ, ಅದೇನಾರ ಅಳಿಸ್ಲಾ ಅಂತ ಕೇಳಿದ್ರೆ ಎಸ್ ಮಾತ್ರ ಒತ್ಬ್ಯಾಡಿ."

ಶಂಭುಲಿಂಗಯ್ಯ ಒಂದು ದೊಡ್ಡ ಡಿಸ್ಕಿಗೆ ಎರಡು ದಿನ ಕೂತು ನಕಲು ಇಳಿಸಿದರು. ನಕಲು ತೆರೆಯುತ್ತದೋ ಇಲ್ಲವೋ ಎಂದು ಮರಕ್ಕೊಂದರಂತೆ ನಾನೂರ ಹನ್ನೆರಡು ಫೋಟೊ ತೆರೆದು ನೋಡಿದರು. ಮರಗಳಿಗೆ ನಂಬರು ಬರೆಯುವ ಬಿಳಿ ಬಣ್ಣದಲ್ಲೇ ಹಳೆಯ ಡಿಸ್ಕ್‌ಗಳ ಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ಬರೆದರು. ಇನ್ನು ನಕಲಿಗೆ ಬೇರೆ ಸೂರು ಬೇಕಿತ್ತು.

"ಮಾಯಸಂದ್ರಕ್ಕೆ ತಗಂಡು ಹೋಗ್ಲಾ?" ಎಂದರು ಹೆಂಡತಿ ಗುರುಸಿದ್ದಮ್ಮ. ಅದು ಅವರ ತವರು.

ಬಸ್ಸು ಹೊರಡುವಾಗ ಶಂಭುಲಿಂಗಯ್ಯ ಕಿಟಕಿಗೆ ಮುಖ ಕೊಟ್ಟು, "ನಾನು ಹೇಳೋಗಂಟ ಬರಬ್ಯಾಡ!" ಎಂದು ಕೂಗಿದರು. ಅದೇ ಬಸ್ಸಿನಿಂದ ಇಳಿದ ಪಕ್ಕದ ಮನೆಯ ಕೆಂಪಕ್ಕ ಅದನ್ನು ಕೇಳಿಸಿಕೊಂಡರು.

ಮಾರನೆಯ ಬೆಳಿಗ್ಗೆ ಶಂಭುಲಿಂಗಯ್ಯ ಡಿಸ್ಕ್‌ಗಳನ್ನು ಬಿಚ್ಚಿ, ಒಳಮನೆಯ ಮಂಚದ ಮೇಲೆ ಒಣ ಹಲಗೆ ಹಾಕಿ ಸಾಲಾಗಿ ಇಟ್ಟಿದ್ದರು. ಅಷ್ಟರಲ್ಲಿ ಊರಿನ ಹಿರಿಯರಾದ ಮಲ್ಲಿಕಾರ್ಜುನಯ್ಯನವರು ಕೆಂಪಕ್ಕನ ಜೊತೆ ಬಂದು ಜಗಲಿಯಲ್ಲಿ ಕೂತರು.

"ಗುರುಸಿದ್ದಮ್ಮನ್ನ ಯಾಕಪ್ಪ ತವರಿಗೆ ಅಟ್ಟಿದ್ದು?"

"ನಕಲು ಅವಳ ತಾವ ಐತೆ, ಅಸಲು ಇಲ್ಲೈತೆ. ಎರಡೂ ಒಂದೇ ಮನೇಲಿ ಇರಬಾರದಂತೆ."

ಮಲ್ಲಿಕಾರ್ಜುನಯ್ಯ ಒಳಮನೆಯ ಬಾಗಿಲ ಕಡೆ ನೋಡಿದರು. ಕೆಂಪಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಈ ಅಸಲು... ಎಷ್ಟು ದಿನದಿಂದ ಐತೆ?"

"ನಾಕು ವರ್ಷ ಆಯ್ತು. ನಾಕು ಅವೆ."

"ನಾಕಾ!"

"ಒಳಗೆ ಮಂಚದ ಮೇಲೆ ಮಲಗಿಸಿದೀನಿ. ನೋಡಿ ಬೇಕಾರೆ, ಮುಟ್ಟಬ್ಯಾಡಿ ಅಷ್ಟೆ. ಭಾಳ ಸೂಕ್ಷ್ಮ."

ಕೆಂಪಕ್ಕ ಮೊದಲು ಎದ್ದರು. ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿ, "ಇದೇನ್ರೀ, ಬ್ಯಾಟರಿ!" ಎಂದರು. ಅವರ ದನಿಯಲ್ಲಿ ನಿರಾಸೆಯಿತ್ತು.

ವಿಷಯ ತಿಳಿದ ಮೇಲೂ ಹಿರಿಯರು ಹೋಗಲಿಲ್ಲ. ಹೆಂಡತಿ ವಾಪಸು ಬರುವುದು ಈ ಕೆಲಸ ಮುಗಿದ ಮೇಲೆ ತಾನೇ, ಮುಗಿಸಿಕೊಂಡೇ ಹೋಗೋಣ ಎಂದು ಕುರ್ಚಿ ಎಳೆದು ಕೂತರು. ಶಂಭುಲಿಂಗಯ್ಯ ಅಂಗೈ ಒರೆಸಿಕೊಂಡು ಡಿಸ್ಕ್‌ಗಳನ್ನು ಒಂದೊಂದಾಗಿ ಹೊಸ ಪೆಟ್ಟಿಗೆಗೆ ಕೂರಿಸಿ, ಸ್ವಿಚ್ ಹಾಕಿದರು. ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಹಳೆಯದೇನೂ ಸಿಗುತ್ತಿಲ್ಲ, ಎಲ್ಲ ಅಳಿಸಿ ಹೊಸದಾಗಿ ಶುರುಮಾಡಲೇ? ಎಸ್, ನೋ.

ಶಂಭುಲಿಂಗಯ್ಯ ಕೀಬೋರ್ಡಿನಿಂದ ಕೈ ಹಿಂದಕ್ಕೆ ತೆಗೆದರು.

"ಎಸ್ ಅಂದ್ಬುಡಪ್ಪ," ಎಂದರು ಮಲ್ಲಿಕಾರ್ಜುನಯ್ಯ. "ಹಳೇದು ಮರೆತು ಹೊಸದಾಗಿ ಶುರುಮಾಡು ಅಂತ ಅದೂ ಹೇಳ್ತಾ ಐತೆ. ಸಂಸಾರ ಅಂದ್ಮೇಲೆ ಯಾರಾರ ಒಬ್ಬರು ಸೋಲ್ಬೇಕು." ಹೇಳುತ್ತಲೇ ಬೆರಳು ಚಾಚಿದರು.

ಶಂಭುಲಿಂಗಯ್ಯ ಹಿರಿಯರ ಕೈಯನ್ನು ಗಾಳಿಯಲ್ಲೇ ಹಿಡಿದರು. ಊರಲ್ಲಿ ಯಾರೂ ಆ ಕೈ ಹಿಡಿದು ತಡೆದಿದ್ದಿಲ್ಲ. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಜ್ಞಾನೇಶನಿಗೆ ಫೋನು ಮಾಡಿದರು.

"ನೋ ಒತ್ತಿ ಆರಿಸಿ ಮಾವ. ವೈರು ಸಡಿಲ ಇರ್ತದೆ, ನೋಡಿ."

ಮೂರನೆಯ ಡಿಸ್ಕಿನ ವೈರು ಅರ್ಧ ಮಾತ್ರ ಕೂತಿತ್ತು. ಅದುಮಿ ಮತ್ತೆ ಹೊತ್ತಿಸಿದಾಗ ಮರಗಳು ಸಾಲುಸಾಲಾಗಿ ಬಂದು ನಿಂತವು. ಶಂಭುಲಿಂಗಯ್ಯನವರ ಕಣ್ಣು ತುಂಬಿತು. ಇನ್ನೂರ ಆರನೆಯ ಮರದ ಬುಡದ ಫೋಟೊದಲ್ಲಿ, ಬೇಲಿಯಿಂದೊಳಗೆ ಬಗ್ಗಿ, ಬಿದ್ದಿದ್ದ ಕಾಯಿ ಎತ್ತಿಕೊಳ್ಳುತ್ತಿದ್ದ ಮಲ್ಲಿಕಾರ್ಜುನಯ್ಯನವರೂ ಸ್ಪಷ್ಟವಾಗಿ ಕಂಡರು. ಕೆಂಪಕ್ಕನಿಗೆ ಮನೆಗೆ ಬಂದದ್ದು ಈಗ ಸಾರ್ಥಕವಾಯಿತು. ಹಿರಿಯರು, ತೋಟಕ್ಕೆ ನೀರು ಬಿಡಬೇಕು ಎಂದು ಎದ್ದು ಹೋದರು.

ಸಂಜೆ ಶಂಭುಲಿಂಗಯ್ಯ ಮಾಯಸಂದ್ರಕ್ಕೆ ಫೋನು ಮಾಡಿ, "ಎಲ್ಲ ಸರಿಹೋಯ್ತು ಕಣೇ, ಬಾ" ಎಂದರು.

"ಈಗ್ಲೇ ಹೆಂಗ್ ಬರ್ಲಿ? ಅದು ಅಲ್ಲಿ ಒಂದು ವಾರ ಸರಿಯಾಗಿ ನಡೀಲಿ. ಅಲ್ಲೀಗಂಟ ನಕಲು ಇಲ್ಲೇ ಇರ್ಲಿ," ಎಂದರು ಗುರುಸಿದ್ದಮ್ಮ. ಹಿಂದೆ ಯಾರೋ ನಗುತ್ತಿದ್ದರು, ಒಬ್ಬಟ್ಟು ಬೇಯಿಸುವ ಮಾತು ಕೇಳುತ್ತಿತ್ತು. "ಮೂರು ತಿಂಗಳಿಗೊಂದು ಸಲ ನಕಲು ಹೊಸದು ಮಾಡಿ ತಂದಿಡ್ಬೇಕಂತೆ, ಜ್ಞಾನೇಶನ್ನ ಕೇಳ್ದೆ. ನಾನೇ ತತ್ತೀನಿ ಬುಡಿ."

ಶಂಭುಲಿಂಗಯ್ಯನವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಫೋನಿಟ್ಟು, ಅನ್ನಕ್ಕೆ ಎಷ್ಟು ನೀರು ಇಡಬೇಕು ಎಂದು ಕೇಳಲು ಕೆಂಪಕ್ಕನ ಮನೆಗೆ ಹೋದರು.