ಮಂಗನಿಗೆ ಒಂದು ದಾಸವಾಳ

ನಮ್ಮ ತಾಲ್ಲೂಕು ಪಂಚಾಯ್ತಿಯ ಅಧ್ಯಕ್ಷೆಯಾಗಿ ನನ್ನ ಟರ್ಮ್ ಮುಗಿದು ವರ್ಷಗಳೇ ಆದವು. ಆಮೇಲೆ ಎಲೆಕ್ಷನ್ನೇ ಆಗಲಿಲ್ಲ. ಕುರ್ಚಿಗೆ ಬೇರೆ ಯಾರೂ ಬಾರದ ಕಾರಣ, ಜನರ ಲೆಕ್ಕದಲ್ಲಿ ನಾನಿನ್ನೂ ಅದರ ಮೇಲೇ ಕೂತಿದ್ದೇನೆ. ಕೊಪ್ಪದ ಮೆಡಿಕಲ್ ಶಾಪಿನಲ್ಲಿ ಮಂಡಿನೋವಿನ ಮಾತ್ರೆಗೆ ನಿಂತಾಗಲೂ ಯಾರಾದರೊಬ್ಬರು ಮೋರಿ, ಪೆನ್ಶನ್ ಅಂತ ಹಿಡಿದು ನಿಲ್ಲಿಸುತ್ತಾರೆ.

"ನಾನೀಗ ರಿಟೈರ್ಡ್ ಮಾರಾಯ."

"ಅದು ಸರಿ ಅಮ್ಮ. ಆದ್ರೆ ನಮ್ಮ ಮೋರಿ?"

ಸಾಕಾಗಿದೆ. ಘಟ್ಟದ ಕೆಳಗಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದು ನೆಟ್ಟಗೆ ಕೂರುವುದು, ಕ್ಲಿಯರ್ ಆಗಿ ಮಾತಾಡುವುದು. ಆ ಬಲದ ಮೇಲೆಯೇ ಮೀಟಿಂಗುಗಳನ್ನು ನಡೆಸಿದೆ. ಆದರೆ ಅತಿ ಹೆಚ್ಚು ಗಂಟಲು ಹರಿದುಕೊಂಡದ್ದು ಮಂಗನ ಕಾಯಿಲೆಗೆ. ಪ್ರತಿ ಬೇಸಗೆ ಕಾಡಂಚಿನ ಮನೆಗಳಿಗೆ ಹೋಗಿ ಹೇಳುತ್ತಿದ್ದೆ: ಸತ್ತ ಮಂಗ ಕಂಡರೆ ಮುಟ್ಟಬೇಡಿ, ಅದರ ಮೈಯ ಉಣ್ಣಿ ನಿಮಗೆ ಹತ್ತುತ್ತದೆ, ಹೆಲ್ತ್‌ನವರಿಗೆ ಫೋನ್ ಮಾಡಿ. ಎಲ್ಲರೂ ಒಳ್ಳೆಯ ಕ್ಲಾಸಿನ ಮಕ್ಕಳಂತೆ ತಲೆಯಾಡಿಸುತ್ತಿದ್ದರು.

ಹೋದ ಬೇಸಗೆಯಲ್ಲಿ ಮೇಗುಂದದ ಕಡೆಯ ಒಬ್ಬಳು ಫೋನ್ ಮಾಡಿದಳು. ತೋಟದ ಕೂಲಿಯವಳು, ನನ್ನ ಕ್ಯಾಂಪೇನಿನಲ್ಲಿ ಜೊತೆಗೆ ಮನೆಮನೆ ಹತ್ತಿಳಿದವಳು.

"ಅಮ್ಮ, ನಮ್ಮ ಮನೆ ಹಿಂದೆ ಮಂಗ ಸತ್ತಿತ್ತು."

"ಮುಟ್ಟಲಿಲ್ಲ ತಾನೆ?"

"ಹಾಗೇ ಬಿಡ್ತೇವಾ? ಮೈ ತೊಳೆದು, ಅರಿಶಿನ ಕುಂಕುಮ ಹಚ್ಚಿ ಮಣ್ಣು ಮಾಡಿದ್ವಿ. ಹಾಲೂ ಬಿಟ್ಟಾಯ್ತು. ನೀವು ಟೆನ್ಶನ್ ಮಾಡ್ಬೇಡಿ."

"ನಾನು ಹೇಳಿದ್ದೆಲ್ಲ ಎಲ್ಲಿ ಹೋಯ್ತು?"

"ನೀವು ಹೇಳಿದ್ದು ಸರಿಯೇ. ಆದ್ರೆ ಹೆಲ್ತ್‌ನವ್ರು ಬಂದ್ರೆ ಚೀಲಕ್ಕೆ ತುಂಬಿ, ಕೊಯ್ದು ನೋಡಿ ಸುಡ್ತಾರೆ. ಹನುಮಂತ ಅಲ್ವಾ ಅಮ್ಮ."

ನನಗೆ ಸಿಟ್ಟೂ ಬರಲಿಲ್ಲ. ಜ್ವರ ಬಂದರೆ ಕೂಡಲೇ ಹೇಳು ಎಂದಷ್ಟೇ ಅಂದೆ.

ಕೆಲವು ದಿನಗಳ ಮೇಲೆ ಅವಳ ಗಂಡ ಫೋನ್ ಮಾಡಿದ. ಮೈ ಸುಡುತ್ತಿದೆ, ತಲೆ ಎತ್ತಲಾಗುತ್ತಿಲ್ಲ, ಆಸ್ಪತ್ರೆಗೆ ಮಾತ್ರ ಒಲ್ಲೆ ಅನ್ನುತ್ತಾಳೆ ಎಂದ. ಆಟೋ ಹಿಡಿದು ಹೋದೆ. ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದವಳು ಈಚೆ ಹೊರಳಿದಳು, ಕಣ್ಣು ಕೆಂಪಗೆ.

"ರಕ್ತ ಟೆಸ್ಟ್ ಮಾಡಿದ್ರೆ ಅವ್ರಿಗೆ ಗೊತ್ತಾಗ್ತದೆ," ಅಂದಳು. "ಗೊತ್ತಾದ್ರೆ ಬಂದು ಅಗೆದು ತೆಗೀತಾರೆ. ಮಣ್ಣು ಮಾಡಿದ್ದನ್ನ ಮತ್ತೆ ತೆಗೆದ್ರೆ ನಾವು ಉಳೀತೇವಾ?"

ಈ ಜ್ವರದಲ್ಲಿ ತಡ ಮಾಡಿದವರು ಮೂಗು, ವಸಡಿನಲ್ಲಿ ರಕ್ತ ಬಂದು ತೀರಿಹೋದದ್ದನ್ನು ನಾನು ನೋಡಿದ್ದೆ. ಅವಳೆದುರೇ ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಮಣ್ಣು ಮಾಡಿದ ಜಾಗದ ಸುತ್ತ ಉಣ್ಣಿ ಸಾಯುವ ಪೌಡರ್ ಹಾಕಬೇಕು, ಅಗೆಯುವ ಪ್ರಶ್ನೆ ಬಹುಶಃ ಬರುವುದಿಲ್ಲ ಎಂದರು. ಆ 'ಬಹುಶಃ' ಅವಳಿಗೂ ಕೇಳಿಸಿತು.

"ಅವ್ರ ಮಾತು ಬೇಡ. ನೀವು ಹೇಳಿ. ನೀವು ಅಧ್ಯಕ್ಷರಲ್ವಾ?"

ಅಲ್ಲ, ಅಲ್ಲ ಅಂತ ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಅವತ್ತು ಬೆನ್ನು ನೆಟ್ಟಗೆ ಮಾಡಿ, "ಹೌದು, ಅಧ್ಯಕ್ಷೆ. ಅಗೆಯಕ್ಕೆ ಬಿಡುವುದಿಲ್ಲ. ಏಳು," ಅಂದೆ.

ಎದ್ದಳು.

ಟೆಸ್ಟ್ ಪಾಸಿಟಿವ್ ಬಂತು. ಇಲ್ಲಿಂದ ದೊಡ್ಡಾಸ್ಪತ್ರೆಗೆ ಕಳಿಸಿದರು. ಹೆಲ್ತ್‌ನವರು ಪೌಡರ್ ಹಾಕಲು ಬಂದ ದಿನ ನಾನು ಪ್ಲಾಸ್ಟಿಕ್ ಸ್ಟೂಲ್ ಹಾಕಿಸಿಕೊಂಡು ದೂರದಲ್ಲಿ ಕೂತೆ. ಯಾರೂ ಅಗೆಯಲಿಲ್ಲ. ಅಗೆಯಲು ಬಂದಿದ್ದರೆ ಏನು ಮಾಡುತ್ತಿದ್ದೆನೋ, ಗಾಡ್ ನೋಸ್.

ಅವಳು ಬದುಕಿ ಬಂದಳು, ಸೀರೆ ಕೋಲಿಗೆ ಸುತ್ತಿದ ಹಾಗೆ. ನೋಡಲು ಹೋದಾಗ ಕಾಫಿ ಕೊಟ್ಟು ಕರಾರು ಹಾಕಿದಳು.

"ಇನ್ನು ಮುಟ್ಟಲ್ಲ. ಮೊದ್ಲು ಫೋನೇ ಮಾಡ್ತೇವೆ. ಆದ್ರೆ ಚೀಲ ಕಟ್ಟುವಾಗ ನೀವು ಬಂದು ಒಂದು ಹೂ ಹಾಕ್ಬೇಕು. ಬರೀ ಕಸದ ಹಾಗೆ ಹೋಗ್ಬಾರ್ದು."

"ನನ್ನ ಮಂಡಿ ನೋಡಿದ್ದೀಯಾ?"

"ಓಟು ಕೇಳುವಾಗ ಈ ಮಂಡಿ ಎಲ್ಲಿತ್ತು?" ಅಂದಳು.

ನಾನು ಹೂ ಹಾಕುವ ಸುದ್ದಿ ಈ ಬೇಸಗೆ ಸುತ್ತಲೂ ಹಬ್ಬಿದೆ. ನರಸಿಂಹರಾಜಪುರದ ದಾರಿಯ ಒಂದು ಹಾಡಿಯಿಂದಲೂ ಕರೆ ಬಂತು. ಅದು ನನ್ನ ತಾಲ್ಲೂಕೂ ಅಲ್ಲ. ಕಾಲಿಗೆ ಉಣ್ಣಿ ಹತ್ತದ ಹಾಗೆ ಎಣ್ಣೆ ಸವರಿಕೊಂಡು, ಕುಂಡದ ದಾಸವಾಳವನ್ನು ಕ್ಯಾರಿಬ್ಯಾಗಿನಲ್ಲಿ ಹಾಕಿಕೊಂಡು ಹೋಗುತ್ತೇನೆ. ಮೈತುಂಬ ಬಿಳಿ ಸೂಟು ತೊಟ್ಟ ಹೆಲ್ತ್‌ನವರು ಬೆವರುತ್ತಾ ಕಾಯುತ್ತಾರೆ. ಹತ್ತಿರ ಹೋಗುವಂತಿಲ್ಲವಲ್ಲ, ನಿಂತಲ್ಲಿಂದಲೇ ಎಸೆಯುತ್ತೇನೆ. ನನ್ನ ಕೈಗೆ ಅಷ್ಟು ಬಲವಿಲ್ಲ. ಹೂ ಅರ್ಧ ದಾರಿಯಲ್ಲೇ ಬೀಳುತ್ತದೆ. ಅವರಲ್ಲೊಬ್ಬ ಎತ್ತಿ ಚೀಲದ ಮೇಲಿಟ್ಟು, "ಆಯ್ತಾ ಮೇಡಂ?" ಅನ್ನುತ್ತಾನೆ.