ಬಾಣಂತಿ ಕೋಣೆಯ ಕೆಂಡ

ನನ್ನ ತಂಗಿಯ ಜೀವಕ್ಕೆ ಕುತ್ತಾಗಿ ಬಂದದ್ದು ದೆವ್ವವಲ್ಲ, ನಮ್ಮ ಸೋದರತ್ತೆ ಮಾಡಿದ ಬಾಣಂತನ. ಮಹಾಯುದ್ಧಕ್ಕೂ ಮೊದಲಿನ ಮಾತು. ನಮ್ಮೂರು ತ್ಯಾಗಲಿಯಲ್ಲಿ ಬಾಣಂತನ ಬಲ್ಲವಳು ಅವಳೊಬ್ಬಳೇ ಅಂತೆ! ಶೀತವಾಗಬಾರದೆಂದು ಕಿಟಕಿಯ ಸಂದಿಗೆಲ್ಲ ಹಳೆ ಸೀರೆ ತುರುಕಿ, ಮಂಚದಡಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕಿದ್ದಳು. ಮಧ್ಯಾಹ್ನ ತಂಗಿ ತಲೆ ಸಿಡಿಯುತ್ತದೆ ಎಂದಳು.

“ಮೋರೆ ಹ್ಯಾಂಗೆ ಕೆಂಪಾಯ್ದು ನೋಡೇ! ರಕ್ತ ಊರ್ತಾ ಇದ್ದು,” ಎಂದು ಅತ್ತೆ ಇನ್ನಷ್ಟು ಕೆಂಡ ಸುರಿದಳು.

ಎಣ್ಣೆ-ನೀರು ಮಾಡಿಸಿದ ಮಗುವನ್ನು ಹಾಲಿಗೆಂದು ಒಯ್ದಾಗ ತಂಗಿಗೆ ಎಚ್ಚರವೇ ಇರಲಿಲ್ಲ. ಅಂಗಳಕ್ಕೆ ಎತ್ತಿ ತಂದೆವು. ಸಿದ್ದಾಪುರದಿಂದ ಬಂದ ಡಾಕ್ಟರು ಹೇಳಿದ್ದು ಓದು ಬಾರದ ನನಗೂ ತಿಳಿಯಿತು: ಉಸಿರಿನ ಒಳ್ಳೆ ಗಾಳಿಯನ್ನು ಮೈಗೆಲ್ಲ ಹೊತ್ತೊಯ್ದು, ಕೆಟ್ಟ ಗಾಳಿಯನ್ನು ತಿರುಗಿ ತರುವುದು ರಕ್ತದ ಕೆಲಸ. ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಗಾಳಿ ರಕ್ತವನ್ನು ಹಿಡಿದುಕೊಂಡರೆ ಒಳ್ಳೆ ಗಾಳಿಗೆ ಅಲ್ಲಿ ಜಾಗವಿಲ್ಲ. ಮೋರೆಯ ಕೆಂಪೂ ಆ ವಿಷದ್ದೇ.

“ಅಂವ ಎಂತ, ಹಡೆದಿದ್ನಾ?” ಎಂದಳು ಅತ್ತೆ. ತಂಗಿ ಕಣ್ಣುಬಿಟ್ಟು ಒಳಗೆ ಮಲಗಿದ್ದೇ ತಡ, ಮತ್ತೆ ಕಿಟಕಿಗೆ ಸೀರೆ ತುರುಕಿದಳು.

ರಾತ್ರಿ ಅಗ್ಗಿಷ್ಟಿಕೆ ಒಳಗೆ ತರಲು ನಾನು ಬಿಡಲಿಲ್ಲ. ಮರುದಿನ ಬೆಳಗಾಗುತ್ತಲೇ ಆ ಕಿಟಕಿಯ ಬಾಗಿಲನ್ನೇ ಕಿತ್ತು, ಬಾಣಂತಿಗೆ ನೀರು ಕಾಯಿಸಲು ಬಚ್ಚಲೊಲೆಗೆ ಹಾಕಿದೆ.