ನಾನು ನೀತಿ ಓದಿದ ವರ್ಷ

ರೋಣದಲ್ಲಿ ನಿವೃತ್ತಿಯಾದ ಹೆಂಗಸರಿಗೆ ಇರುವುದು ಎರಡೇ ದಾರಿ. ಒಂದು ಮೊಮ್ಮಕ್ಕಳು, ಇನ್ನೊಂದು ಭಜನಾ ಮಂಡಳಿ. ನನಗೆ ಮದುವೆಯೇ ಆಗಿರಲಿಲ್ಲ, ಮೊಮ್ಮಕ್ಕಳು ಎಲ್ಲಿಂದ ಬರಬೇಕು? ಇನ್ನು ಭಜನೆಗೆ ಹೋದರೆ ನನ್ನ ದನಿ ಕೇಳಿ ದೇವರೇ ಎದ್ದು ಹೋದಾನು. ಹೈಸ್ಕೂಲಿನಲ್ಲಿ ಹುಡುಗಿಯರಿಗೆ ವಿಜ್ಞಾನ ಕಲಿಸಿ ಕಲಿಸಿ ಬಾಯಿ ಸುಮ್ಮನಿರದ ರೂಢಿ ಬೇರೆ. ಹೀಗಾಗಿ, ಕೆಲಸದಲ್ಲಿರುವವರಿಗೂ ವಯಸ್ಸಾದವರಿಗೂ ಅಂತ ವಿಶ್ವವಿದ್ಯಾಲಯದವರು ನಡೆಸುವ ಮುಂದುವರಿಕೆ ಶಿಕ್ಷಣಕ್ಕೆ ಹೆಸರು ಹಚ್ಚಿಬಿಟ್ಟೆ. ವಿಷಯ ಅನ್ವಯಿಕ ನೀತಿಶಾಸ್ತ್ರ. ವಾರವೆಲ್ಲ ಮನೆಯಲ್ಲಿ ಓದುವುದು, ಭಾನುವಾರ ನರಗುಂದದ ಕಾಲೇಜೊಂದರಲ್ಲಿ ಪಾಠ.

ಗಜೇಂದ್ರಗಡದಲ್ಲಿ ಸೀರೆ, ಕುಪ್ಪಸದ ಖಣದ ಅಂಗಡಿ ಇಟ್ಟಿದ್ದ ನನ್ನ ತಮ್ಮ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕ.

"ಅಕ್ಕಾ, ನೀತಿ ಕಲಿಯಾಕ ಬಸ್ ಹತ್ತಬೇಕೇನ? ನಮ್ಮವ್ವ ಒಲಿ ಮುಂದ ಕುಂತು ಕಲಿಸಿದ್ದು ಸಾಲಲಿಲ್ಲೇನ ನಿನಗ?"

"ಅವ್ವ ಕಲಿಸಿದ್ದು ನಿನಗ ಹತ್ತಿದ್ರ ಗಿರಾಕಿ ಮುಂದ ಇಷ್ಟ ಸುಳ್ಳ ಹೇಳ್ತಿರಲಿಲ್ಲ ನೀ," ಅಂದೆ.

ಅವನ ಹೆಂಡತಿ ಚಹಾ ಕೊಡುತ್ತ, "ಅಕ್ಕ ತಮ್ಮ ಕೂಡಿದ್ರ ನಮ್ಮ ಮಾತು ಯಾರು ಕೇಳ್ಬೇಕು" ಎಂದಳು. ಆಕೆಯೂ ನಗುತ್ತಿದ್ದಳು.

ನಮ್ಮ ತರಗತಿಯಲ್ಲಿ ಹತ್ತು ಹನ್ನೆರಡು ಜನ. ಪಾಠ ಹೇಳುವ ಸರ್ ನನ್ನ ಹಳೆಯ ಶಿಷ್ಯೆಯರಿಗಿಂತ ಚಿಕ್ಕವರು. ವೈದ್ಯರು ರೋಗಿಗೆ ನಿಜ ಹೇಳಬೇಕೋ ಬೇಡವೋ ಎಂಬ ಪಾಠ ಬಂದ ದಿನ, ಸುಳ್ಳು ಹೇಳಿದ ಅನುಭವ ಯಾರಿಗಿದೆ ಎಂದು ಕೇಳಿದರು. ಎಲ್ಲರೂ ಹರಿಶ್ಚಂದ್ರನ ಮೊಮ್ಮಕ್ಕಳಂತೆ ಸುಮ್ಮನೆ ಕೂತರು. ಕಡೆಗೆ ಹೊಳೆಮಣ್ಣೂರಿನ ಒಬ್ಬ ರೈತ ಎದ್ದು ನಿಂತ. "ಹೊಳಿ ಬಂದಾಗ ನಮ್ಮ ಕಾಕಾ ಎಮ್ಮಿ ಬಿಟ್ಟು ಬರೂದಿಲ್ಲ ಅಂತ ಹಟಾ ಹಿಡದ್ರಿ. ಎಮ್ಮಿ ಆಗಲೇ ಆಚಿ ದಂಡಿ ಮುಟ್ಟೇತಿ ಅಂತ ಸುಳ್ಳ ಹೇಳಿ ದೋಣಿ ಹತ್ತಿಸಿದ್ನಿರಿ. ಅದು ಹೊಳಿ ಪಾಲಾಗಿತ್ತು."

"ಆಮೇಲೆ?" ಎಂದರು ಸರ್.

"ಆಮ್ಯಾಲ ಏನ್ರಿ. ಕಾಕಾ ಉಳದ. ಇವತ್ತಿಗೂ ನನ್ನ ಕೂಡ ಮಾತಾಡೂದಿಲ್ಲ."

ತರಗತಿಯೆಲ್ಲ ಅವನ ಪರ ನಿಂತಿತು. ನಾನೊಬ್ಬಳೇ ಎದ್ದು ವಾದ ಹೂಡಿದೆ. ಮನುಷ್ಯನಿಗೆ ತನ್ನ ಪಾಲಿನ ನಿಜ ತಿಳಿಯುವ ಹಕ್ಕಿದೆ, ಪ್ರೀತಿಯ ಹೆಸರಿನಲ್ಲಿ ಅದನ್ನು ಕಸಿಯಬಾರದು ಎಂದೆ. ಸರ್ ಮೆಚ್ಚಿದರು. ನನಗೂ ಜಂಬ ಬಂತು, ಸುಳ್ಳು ಯಾಕೆ ಹೇಳಲಿ.

ಆ ಮಳೆಗಾಲದಲ್ಲಿ ತಮ್ಮನಿಗೆ ಹೊಟ್ಟೆನೋವು ಶುರುವಾಯಿತು. ಮೊದಲು ಓಂಕಾಳಿನ ಕಷಾಯ, ಆಮೇಲೆ ಊರಿನ ದವಾಖಾನೆ, ಆಮೇಲೆ ಹುಬ್ಬಳ್ಳಿ. ಹುಬ್ಬಳ್ಳಿಯ ಡಾಕ್ಟರು ಅವನನ್ನು ಒಳಗೇ ಕೂಡ್ರಿಸಿ, ನನ್ನನ್ನೂ ಅವನ ಹೆಂಡತಿಯನ್ನೂ ಹೊರಗೆ ಕರೆದರು. ಕ್ಯಾನ್ಸರ್, ಲಿವರಿಗೂ ಹಬ್ಬಿದೆ, ಮಾಡುವಂಥದ್ದು ಹೆಚ್ಚೇನಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ತಮ್ಮನ ಹೆಂಡತಿ ಗೋಡೆಗೆ ಆತು ನಿಂತಳು. ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಮುಂದೆ ಕೈ ಚಾಚಿದಳು.

"ಕೈಮ್ಯಾಲ ಕೈ ಇಡ್ರಿ ಅಕ್ಕಾರ. ಅವ್ರ ಮುಂದ ಬಾಯಿ ಬಿಡೂದಿಲ್ಲ ಅಂತ ಹೇಳ್ರಿ. ಹೊಟ್ಯಾಗ ಹುಣ್ಣು ಆಗೇತಿ ಅನ್ನೂದು, ಅಷ್ಟ. ನಮ್ಮಪ್ಪಗ ಹಿಂಗ ಮಾರಿಮ್ಯಾಲೆ ಹೇಳಿದ್ರು. ಅವತ್ತ ಬಿಟ್ಟ ತುತ್ತು ಮತ್ತ ಬಾಯಾಗ ಇಡಲಿಲ್ಲ ಅಂವಾ. ಗ್ವಾಡಿ ಕಡೆ ಮಾರಿ ಮಾಡಿ ಮಲಗಿದಾಂವ ಹಂಗ ಹೋದ."

ನಾನು ಕೈ ಇಟ್ಟೆ. ಆ ಹೊತ್ತಿನಲ್ಲಿ ಯಾರಾದರೂ ಇಡುತ್ತಿದ್ದರು.

ಅಲ್ಲಿಂದ ಮುಂದೆ ನಾನು ಗಜೇಂದ್ರಗಡಕ್ಕೆ ಹೋಗುವುದು ಹೆಚ್ಚಾಯಿತು. ಬಸ್ಸಿನಲ್ಲಿ ಪುಸ್ತಕ ತೆರೆದು ಕೂಡುತ್ತಿದ್ದೆ, ರಾಜೂರು ದಾಟಿದರೂ ಒಂದು ಪುಟವನ್ನೂ ತಿರುವಿರುತ್ತಿರಲಿಲ್ಲ. ತಮ್ಮ ದಿನದಿನಕ್ಕೆ ಸೊರಗುತ್ತಿದ್ದ. ಅಂಗಿ ಅವನದಲ್ಲ ಅನ್ನುವಷ್ಟು ಸಡಿಲಾಗಿತ್ತು. ಆದರೂ ಅಂಗಡಿಯ ಗಾದಿ ಬಿಟ್ಟಿರಲಿಲ್ಲ. ಒಂದು ಮಧ್ಯಾಹ್ನ ಹೆಂಡತಿ ಅಂಗಡಿಯ ಹಿಂದಿನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ದನಿ ತಗ್ಗಿಸಿ ಕೇಳಿದ:

"ಅಕ್ಕಾ, ಹುಣ್ಣಾದವ್ರಿಗೆ ಇಷ್ಟ ಮಂದಿ ಸೇಬು ತಂದು ಕೊಡೂದಿಲ್ಲ. ಆಕಿ ಅಣ್ಣ ಬಂದು ನನ್ನ ಕೈ ಹಿಡಕೊಂಡು ಕುಂತಿದ್ದ. ಆ ಮನಿಶಾ ಹಬ್ಬಕ್ಕ ಕರದ್ರೂ ಬರಾಂವ ಅಲ್ಲ. ನಂಗ ಏನಾಗೇತಿ? ನೀ ಖರೇ ಸುಳ್ಳಿನ ಸಾಲಿ ಕಲಿಯಾಕ ಹೊಂಟಾಕಿ. ನೀನ ಹೇಳಲಿಲ್ಲಂದ್ರ ಮತ್ಯಾರು ಹೇಳ್ತಾರ?"

ನಾನು ಹೇಳಿದೆ. ಪುಸ್ತಕ ನೆನಪಾಗಿ ಹೇಳಲಿಲ್ಲ, ನರಗುಂದದಲ್ಲಿ ಹೂಡಿದ ವಾದ ನೆನಪಾಗಿಯೂ ಅಲ್ಲ. ಅವನು ಹಾಗೆ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಾಗ ನನ್ನಿಂದ ಹುಣ್ಣು ಅನ್ನಲು ಆಗಲಿಲ್ಲ, ಅಷ್ಟೇ.

ಅವನು ಮುಂದಿದ್ದ ಖಣವೊಂದನ್ನು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ. "ದೀಪಾವಳಿ ಕಾಣ್ತೀನೇನ?" ಎಂದ. ಗೊತ್ತಿಲ್ಲಪ್ಪಾ ಎಂದೆ. ಆಗ ಅತ್ತ. ಗಿರಾಕಿ ಬಂದರೆ ಕಾಣಬಾರದು ಅಂತ ಗೋಡೆಯ ಕಡೆ ತಿರುಗಿ ಅತ್ತ. ನಾನು ಅವನ ಬೆನ್ನ ಮೇಲೆ ಕೈ ಇಟ್ಟೆ, ಎಲುಬು ಕೈಗೆ ಹತ್ತಿದವು. ಅಯ್ಯೋ ಶಿವನೇ, ಇದನ್ನು ಹೇಳಿ ಯಾವ ಪುಣ್ಯ ಕಟ್ಟಿಕೊಂಡೆ ಅನ್ನಿಸಿತು.

"ಆಕಿಗೆ ಹೇಳಬ್ಯಾಡ," ಎಂದ ಕಣ್ಣೊರೆಸಿಕೊಂಡು. "ನಂಗ ಗೊತ್ತಿಲ್ಲಂತ ತಿಳದು ಆಕಿ ಧೈರ್ಯಾ ಹಿಡದಾಳ. ಅಡಿಗಿ ಮನ್ಯಾಗ ಅತ್ತು, ಹೊರಗ ಬಂದು ನಗ್ತಾಳ. ಗೊತ್ತೈತಿ ಅಂದ್ರ ಆ ನಗೂನೂ ಹೋಗತೈತಿ."

ಹೂಂ ಎಂದೆ. ಹೀಗೆ ಎರಡು ಮಾತು ಕೊಟ್ಟವಳಾದೆ. ಆಕೆಗೆ ಕೊಟ್ಟದ್ದನ್ನು ಮುರಿದೆ, ಇವನಿಗೆ ಕೊಟ್ಟದ್ದು ಕೊರಳಿಗೆ ಬಿತ್ತು. ಮುಂದಿನ ಭಾನುವಾರ ತರಗತಿಯಲ್ಲಿ ಎದ್ದು ನಿಂತು, "ಸರ್, ನಿಜ ಹೇಳಬೇಕು, ಸರಿ. ಹೇಳಿದ ಮೇಲೆ ಏನು ಮಾಡಬೇಕು?" ಎಂದು ಕೇಳಿದೆ. ಅವರು ಪುಸ್ತಕ ತಿರುವಿ ನೋಡಿದರು. ಒಳ್ಳೆಯ ಹುಡುಗ, ಕತೆ ಕಟ್ಟಲಿಲ್ಲ. "ಇದರಲ್ಲಿ ಇಲ್ಲ ಮೇಡಂ," ಎಂದರು.

ನನ್ನ ತಮ್ಮ ತನ್ನ ಹೆಂಡತಿಗೆ ಅಂಗಡಿಯ ವ್ಯವಹಾರ ಕಲಿಸಲು ಶುರು ಮಾಡಿದ. ಮದುವೆಯಾದಾಗಿನಿಂದ ಆಕೆ ಗಾದಿ ಏರಿದವಳಲ್ಲ. ಹುಣ್ಣು ಮಾಯುವ ತನಕ ಅಷ್ಟೇ, ಎಂದು ನೆಪ ಹೇಳಿ ಕೂಡ್ರಿಸಿದ. ಯಾವ ನೇಕಾರರ ಮಾಲು ಚಲೋ, ಯಾವ ಬಣ್ಣ ಬಿಡುತ್ತದೆ, ಸೀರೆ ಬಿಚ್ಚಿಸಿ ನೋಡಿ ಒಯ್ಯದೆ ಹೋಗುವ ಹೆಂಗಸನ್ನು ಗುರುತಿಸುವುದು ಹ್ಯಾಗೆ, ಎಲ್ಲ ಕಲಿಸಿದ. ತಾನು ಹಿಂದೆ ಚಾಪೆಯ ಮೇಲೆ ಮಲಗಿರುತ್ತಿದ್ದ. ಆಕೆಯೋ, ಅವನಿಗೆ ಸಂಶಯ ಬರಬಾರದೆಂದು ಮೊದಲಿನ ಹಾಗೆಯೇ ಬೈಯುತ್ತಿದ್ದಳು. ಹುಣ್ಣು ಯಾರಿಗೂ ಆಗಿಲ್ಲೇನು, ನಿಮ್ಮೊಬ್ಬರಿಗೇ ಆಗೈತೇನು, ಎಂದು. ಹೀಗೆ ಒಬ್ಬರ ಸಲುವಾಗಿ ಒಬ್ಬರು ನಾಟಕ ಮಾಡುವುದನ್ನು ನೋಡುತ್ತ ನಡುವೆ ಕೂಡುತ್ತಿದ್ದವಳು ನಾನು.

ದೀಪಾವಳಿ ಕಂಡ. ಹಬ್ಬದ ವ್ಯಾಪಾರದ ಗದ್ದಲದಲ್ಲಿ ಒಂದು ದಿನ ಆಕೆ ಬೆಳಗಿನಿಂದ ನಿಂತು ನಿಂತು ಸುಸ್ತಾಗಿದ್ದಳು. ಗಿರಾಕಿ ಮುಗಿಬಿದ್ದಿದ್ದರು. ಮೇಲಿನ ಗಂಟು ಇಳಿಸಲು ಅವನನ್ನು ಕರೆದಳು. ಅವನಿಗೆ ಏಳಲು ಆಗಲಿಲ್ಲ. ಆಕೆಯ ಬಾಯಿಂದ ಬಂದೇ ಬಿಟ್ಟಿತು:

"ಹಿಂಗ ಬಿದ್ಕೊಂಡಿರೂದಾದ್ರ ನೀವು ಇದ್ದರೇನು, ಬಿಟ್ಟರೇನು!"

ಅದು ನಾಟಕದ ಬೈಗುಳವಾಗಿರಲಿಲ್ಲ. ಆಡಿದ ಕೂಡಲೇ ಆಕೆಯ ಮುಖ ಬಿಳಿಚಿತು. ತಮ್ಮ ನಕ್ಕು, "ಖರೇ ಐತಿ ತಗೋ," ಎಂದ.

ಆ ಸಂಜೆ ನನ್ನನ್ನು ಬಸ್ಸಿಗೆ ಹತ್ತಿಸುತ್ತೇನೆಂದು ಹಟ ಹಿಡಿದು ಆಟೋದಲ್ಲಿ ಬಂದ. ನಿಲ್ದಾಣದ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಂಡ. ಆಮೇಲೆ ಅಂದ:

"ಆ ಮಾತು ಮನಸಿಗೆ ಹತ್ತಿತಕ್ಕಾ. ಭಾಳ ಹತ್ತಿತು. ಆಕಿ ಬಾಯಿ ತಪ್ಪಿ ಅಂದಾಳ, ಗೊತ್ತೈತಿ. ಆದ್ರೂ ಹತ್ತಿತು. ನಿನ್ನ ಕೇಳಬಾರದಿತ್ತು ನಾ. ಗೊತ್ತಿಲ್ಲದಾಂವ ಆಗಿದ್ರ ತಿರುಗಿ ನಾಕು ಬೈದು ಮರತ ಬಿಡ್ತಿದ್ದೆ."

"ಆಕಿಗೆ ಎಲ್ಲಾ ಹೇಳಿಬಿಡ್ತೀನಿ," ಎಂದೆ.

"ಹುಚ್ಚೇನ ನಿನಗ! ತಾನು ಹಂಗ ಅಂದದ್ದು ನೆನಸಿ ನೆನಸಿ ಸಾಯ್ತಾಳ. ಬ್ಯಾಡ."

ಬಿಳಿಜೋಳ ತೆನೆ ಹಿಡಿಯುವ ಹೊತ್ತಿಗೆ ತಮ್ಮ ಹೋದ. ನನಗಿಂತ ಆರು ವರ್ಷ ಚಿಕ್ಕವನು. ನಾನು ಎತ್ತಿ ಆಡಿಸಿದ ಕೂಸು. ಅವನಿಗಿಂತ ಮೊದಲು ನಾನು ಹೋಗಬೇಕಿತ್ತು, ಇದನ್ನು ಯಾರ ಮುಂದೆ ಹೇಳಿದರೂ ಕಣ್ಣೀರು ಬರುತ್ತದೆ, ಹೇಳದೆಯೂ ಬರುತ್ತದೆ. ಪರೀಕ್ಷೆಗೆ ಹೋಗುವುದು ಬೇಡವೆಂದಿದ್ದೆ. ಫೀ ಅವನೇ ಕಟ್ಟಿದ್ದನೆಂದು ಹೋದೆ. ರೋಗಿಗೆ ನಿಜ ಹೇಳುವ ಪ್ರಶ್ನೆಯೇ ಬಂದಿತ್ತು. ಪುಸ್ತಕದಲ್ಲಿದ್ದಷ್ಟು ಬರೆದು ಎದ್ದು ಬಂದೆ. ಪಾಸಾದೆ.

ಬೇಸಿಗೆಯಲ್ಲಿ ಅಂಗಡಿಗೆ ಹೋದೆ. ಗಾದಿಯ ಮೇಲೆ ಆಕೆ ಕೂತಿದ್ದಳು, ವ್ಯಾಪಾರ ಚಲೋ ನಡೆದಿತ್ತು. ಇದ್ದೊಬ್ಬ ಗಿರಾಕಿಯನ್ನು ಕಳಿಸಿ ನನ್ನ ಹತ್ತಿರ ಬಂದು ಕೂತಳು.

"ಅಕ್ಕಾರ, ಒಂದ ಮಾತು ಕೇಳ್ತೀನಿ. ಅವತ್ತ ಸಿಟ್ಟಿನ್ಯಾಗ ನಾ ಅಂದ್ನೆಲ್ರಿ, ಇದ್ದರೇನು ಬಿಟ್ಟರೇನು ಅಂತ. ಕಣ್ಣು ಮುಚ್ಚಿದ್ರ ಅದ ಕೇಳತೈತ್ರಿ. ಆದ್ರ ಅವ್ರಿಗೆ ತಮ್ಮ ರೋಗ ಗೊತ್ತಿರಲಿಲ್ಲಲ್ರಿ? ಗೊತ್ತಿಲ್ಲದವ್ರಿಗೆ ಅದು ದಿನದ ಬೈಗಳ ಇದ್ದಂಗ. ಮನಸಿಗೆ ಹತ್ತಿರಾಕಿಲ್ಲ. ಹೌದಿಲ್ರಿ? ನೀವು ಖರೇ ಹೇಳಬೇಕಂತ ಓದಿದವ್ರಾಗಿದ್ರೂ ಕಡಿತನಕಾ ಬಾಯಿ ಬಿಡಲಿಲ್ಲ. ನಿಮ್ಮ ಉಪಕಾರಾ ಹ್ಯಾಂಗ ತೀರಸ್ಲಿ?"

ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೌದವ್ವಾ," ಎಂದೆ. "ಅವಗ ಏನೂ ಗೊತ್ತಿರಲಿಲ್ಲ. ಆ ಮಾತು ಅವಗ ನೆನಪೂ ಇದ್ದಿರಾಕಿಲ್ಲ."

ಆಕೆ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.